ಕೈಲಾಸದ ಜಾಗದಲ್ಲೊಂದು ಬಾಗಿಲು: ಶೋಭಾರಾಣಿಯವರ ಯುದ್ಧದ ಮುಖಪುಟಗಳು

ಬಸ್ಸು ಹೊರಡುವ ಮುನ್ನ ಮಗುವೊಂದು ಅಪ್ಪನ ಅಂಗಿಯ ತುದಿಯನ್ನು ಹಿಡಿದು ಜಗ್ಗುವಷ್ಟು ಹೊತ್ತಿನಲ್ಲಿ ತನ್ನ ಕೆಲಸವನ್ನೆಲ್ಲ ಮುಗಿಸಬೇಕಾದ ಕಲೆಯೊಂದಿದ್ದರೆ ಅದು ಚಿತ್ರಕಥೆ ಪುಸ್ತಕಗಳ ಮುಖಪುಟದ ಕಲೆ. ಗೋಡೆಯ ಮೇಲೆ ತೂಗುವ ಚಿತ್ರಕ್ಕೆ ದೊರೆಯುವ ನಿರಾಳವಾಗಲಿ, ವಿಮರ್ಶಕರ ಕೃಪಾದೃಷ್ಟಿಯಾಗಲಿ ಅದರ ಪಾಲಿಗಿಲ್ಲ. ಕ್ಲಿಪ್ಪಿಗೆ ಸಿಕ್ಕಿಸಿ ದಾರಕ್ಕೆ ನೇತುಹಾಕಿದ ಗಳಿಗೆಯಿಂದಲೇ ಅದು ವಡೆ, ಸೌತೆಕಾಯಿ, ಹುರಿಗಡಲೆಗಳೊಡನೆ ಪೈಪೋಟಿಗೆ ಇಳಿಯಬೇಕು. ಇಂಥ ಕಲೆಯಲ್ಲಿ, ಅದರಲ್ಲಿಯೂ ಯುದ್ಧವನ್ನೂ ಯೋಧನನ್ನೂ ಚಿತ್ರಿಸುವ ಕವಲಿನಲ್ಲಿ, ಮಂಡ್ಯ ಸೀಮೆಯಿಂದ ಎದ್ದುಬಂದು, ಬೇರೆ ಯಾವ ಊರಿನ ಚಿತ್ರಕಾರರಿಗೂ ಹೊಳೆಯದಿದ್ದ ದಾರಿಯೊಂದನ್ನು ತೆರೆದವರು ಶ್ರೀಮತಿ ಶೋಭಾರಾಣಿಯವರು. ಮದ್ದೂರಿನ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿಯಾಗಿ ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ಅವರಿಗೆ ಶಿಷ್ಯರೂ ಸಹೋದ್ಯೋಗಿಗಳೂ ಕೂಡಿ ಅರ್ಪಿಸುತ್ತಿರುವ ಈ ಸಂಪುಟದಲ್ಲಿ, ಅವರ ಮುಖಪುಟಗಳ ಕಥೆಯನ್ನು ಹೇಳುವ ಸಂಭ್ರಮ ಈ ಲೇಖನದ್ದು.

ಕಥೆಯೆಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದೆ. ಶೋಭಾರಾಣಿಯವರ ಬದುಕಿನ ಕೆಲವು ಸಂಗತಿಗಳು ಬಾಯಿಂದ ಬಾಯಿಗೆ ಹೋಗಿ, ಅವರು ಇನ್ನೂ ಬೆಳಗಿನ ಬಸ್ಸಿಗೆ ನಿಲ್ಲುತ್ತಿರುವಾಗಲೇ, ಜನಪದ ಕಥೆಗಳ ರೂಪವನ್ನು ತಾಳಿಬಿಟ್ಟಿವೆ. ಮಳವಳ್ಳಿಯವರು ಹೇಳುವ ಪಾಠವೊಂದು, ಮದ್ದೂರಿನವರದು ಇನ್ನೊಂದು, ಮಂಡ್ಯದ ಮುದ್ರಣಾಲಯದವರದು ಮತ್ತೊಂದು. ಕಣ್ಣಾರೆ ಕಂಡವರ ಮಾತುಗಳು ಕೂಡಿದ ಕಡೆಯಲ್ಲಿ ಅವನ್ನೇ ಅನುಸರಿಸಿದೆ. ಕೂಡದಿದ್ದ ಕಡೆಯಲ್ಲಿ ಭೇದವನ್ನು ಮುಚ್ಚಿಟ್ಟಿಲ್ಲ.

ಶೋಭಾರಾಣಿಯವರು ಹುಟ್ಟಿದ್ದು ಹೆದ್ದಾರಿಯ ಮೇಲಿನ ನಿಡಘಟ್ಟದಲ್ಲಿ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸೇನೆಯ ಲಾರಿಗಳು ಸಾಲುಗಟ್ಟಿ ಹೋಗುವಾಗ ಊರಿನ ಮಕ್ಕಳೆಲ್ಲ ರಸ್ತೆಯಂಚಿಗೆ ಓಡಿ ಸಲಾಮು ಹೊಡೆಯುವುದು ವಾಡಿಕೆ. ಅವರೂ ಹೊಡೆದವರೇ. ಲಾರಿಯ ಹಿಂಬದಿಯಲ್ಲಿ ಕುಳಿತ ಸೈನಿಕರಲ್ಲಿ ಒಬ್ಬ ತೂಕಡಿಸುತ್ತಿದ್ದ, ಒಬ್ಬ ಕಡಲೆಕಾಯಿ ಸುಲಿಯುತ್ತಿದ್ದ, ಇನ್ನೊಬ್ಬ ತನ್ನ ಬೂಟಿನ ದಾರವನ್ನು ಹಲ್ಲಿನಿಂದ ಬಿಗಿಯುತ್ತಿದ್ದ. ಅದೇ ಸಂಜೆ ಅಣ್ಣ ತಂದುಕೊಟ್ಟ ಚಿತ್ರಕಥೆಯ ಮುಖಪುಟದ ಸೈನಿಕನಾದರೋ ಬಾಯಿ ತೆರೆದು ಅಬ್ಬರಿಸುತ್ತ, ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಬಾವುಟ ಹಿಡಿದು ಬೆಂಕಿಯೊಳಗಿಂದ ಜಿಗಿಯುತ್ತಿದ್ದ. ಇವರಿಬ್ಬರೂ ಒಂದೇ ಕೆಲಸದವರೇ ಎಂದು ಆಕೆ ಅಣ್ಣನನ್ನು ಕೇಳಿದರಂತೆ. "ಲಾರಿಲಿರೋರು ಇನ್ನೂ ಯುದ್ಧಕ್ಕೆ ಓಗಿಲ್ಲ ಕಣೇ, ಓದ್ಮ್ಯಾಕೆ ಇಂಗಾಯ್ತಾರೆ" ಎಂದು ಅಣ್ಣ ಉತ್ತರ ಕೊಟ್ಟನಂತೆ. ಈ ಉತ್ತರ ಅವರಿಗೆ ಬಹುಕಾಲ ಸಾಕಾಗಿತ್ತು.

ಶಿಕ್ಷಕಿಯಾಗಿ ಮೊದಲು ಸೇರಿದ್ದು ಮಳವಳ್ಳಿಯಲ್ಲಿ. ಅಲ್ಲಿನ ಮಕ್ಕಳು ಇಂದಿಗೂ ನೆನೆಯುವ ಉಪಕಾರಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ವಂಶಿ ಎಂಬ ಹುಡುಗನಿಗೆ ಕೆಂಪು ಹಸಿರುಗಳ ಭೇದ ತಿಳಿಯುತ್ತಿರಲಿಲ್ಲ. ಅವನು ಬರೆದ ನೀಲಗಿರಿ ಮರಗಳೆಲ್ಲ ಇಟ್ಟಿಗೆಯ ಬಣ್ಣದವು. ತರಗತಿಯೇ ಬಿದ್ದುಬಿದ್ದು ನಗುತ್ತಿದ್ದಾಗ ಶೋಭಾರಾಣಿಯವರು ಅವನ ಬಣ್ಣದ ಪೆಟ್ಟಿಗೆಯನ್ನು ಎತ್ತಿಟ್ಟು, ಕೈಗೆ ಕಪ್ಪು ಶಾಯಿಯನ್ನೂ ಕಡ್ಡಿಯನ್ನೂ ಕೊಟ್ಟು, "ಗೆರೆ ನಿಂದು, ಬಣ್ಣ ಬೇರೆಯವರು ನೋಡ್ಕೊಳ್ತಾರೆ" ಎಂದರು. ಅದೇ ವಂಶಿ ಇಂದು 'ಸಾಹಸ ಚಿತ್ರಮಾಲೆ'ಯ ಒಳಪುಟಗಳಿಗೆ ಶಾಯಿಯ ಗೆರೆ ಎಳೆಯುವ ಕಲಾವಿದರು. ಅವರ ಬಂದೂಕುಗಳ ನಳಿಗೆ ನೋಡಿದರೆ ಕೈ ಕೊಯ್ದೀತೆಂದು ಓದುಗರು ಹೆದರುವಷ್ಟು ನಿಖರ.

ಶೋಭಾರಾಣಿಯವರು ಮುಖಪುಟ ಬರೆಯುತ್ತಿದ್ದುದೂ ಈ ಚಿತ್ರಮಾಲೆಗೇ. ಇದರ ಪ್ರಕಾಶಕರೂ ಕಥೆಗಾರರೂ ಆದ ಶ್ರೀ ತಿರುನಾರಾಯಣ ಅವರದು ಮಂಡ್ಯದಲ್ಲಿ ಮುದ್ರಣಾಲಯ; ಶೋಭಾರಾಣಿಯವರ ಮನೆಯಿರುವ ಗುತ್ತಲಿಗೆ ಅದು ಕಾಲ್ನಡಿಗೆಯ ದೂರ. ಆ ಮುದ್ರಣಾಲಯದಲ್ಲೊಂದು ವಿಲಕ್ಷಣ ಪದ್ಧತಿಯಿತ್ತು. ಬೇರೆಡೆ ಕಥೆ ಮೊದಲು, ಮುಖಪುಟ ಆಮೇಲೆ. ತಿರುನಾರಾಯಣರಲ್ಲಿ ಮುಖಪುಟವೇ ಮೊದಲು. ಅದನ್ನು ಅಚ್ಚು ಹಾಕಿಸಿ, ಒಂದೊಂದು ಪ್ರತಿಯನ್ನು ಬಸ್ ನಿಲ್ದಾಣಗಳ ಅಂಗಡಿಗಳಿಗೆ ಕಳುಹಿಸಿ, ದಾರಕ್ಕೆ ನೇತುಹಾಕಿಸಿ, ಮಕ್ಕಳು ಎಲ್ಲಿ ನಿಂತು ನೋಡುತ್ತಾರೆಂದು ವಿಚಾರಿಸಿ, ಆ ಬಳಿಕವೇ ಅವರು ಕಥೆ ಬರೆಯಲು ಕೂರುತ್ತಿದ್ದರು. ಮುಖಪುಟದಲ್ಲಿ ಸೈನಿಕ ಸೇತುವೆಯ ಮೇಲಿದ್ದರೆ ಕಥೆಯಲ್ಲೊಂದು ಸೇತುವೆ ಬರಲೇಬೇಕು. ಬಿದ್ದಿದ್ದರೆ ಅವನು ಕಥೆಯಲ್ಲಿ ಬೀಳಲೇಬೇಕು. "ಮುಖಪುಟ ಏನು ಹೇಳುತ್ತೋ ನಾನು ಅದರ ಗುಮಾಸ್ತ" ಎಂಬುದು ಅವರ ಮಾತು.

ಗುಮಾಸ್ತರಾದರೂ ಮುಖಪುಟಕ್ಕೆ ಅವರು ವಿಧಿಸಿದ್ದ ಕಟ್ಟಳೆಗಳು ಕಡಮೆಯೇನಲ್ಲ. ಯೋಧ ಬಲಕ್ಕೇ ಮುಖ ಮಾಡಿರಬೇಕು, ಪುಟ ತಿರುಗಿಸುವ ಬೆರಳು ಅವನನ್ನು ನೂಕಿದಂತೆ ಆಗಬೇಕು. ಶತ್ರುವಿಗೆ ಮುಖ ಕೂಡದು. ಹೆಲ್ಮೆಟ್ಟಿನ ಕೆಳಗೆ ನೆರಳಿದ್ದರೆ ಸಾಕು. ಯೋಧನ ತಲೆಯ ಹಿಂದೆ ಹಳದಿ ಸ್ಫೋಟವೊಂದು ಅರಳಿರಬೇಕು. ಇದನ್ನು ಬರೆದು ಬರೆದು ಕೈ ಪಳಗಿದ ಮೇಲೆ ಶೋಭಾರಾಣಿಯವರಿಗೇ ಹೊಳೆಯಿತಂತೆ: ಇದು ಬಾಂಬಿನ ಬೆಂಕಿಯಲ್ಲ, ಗುಡಿಯ ಉತ್ಸವಮೂರ್ತಿಯ ಹಿಂದಿನ ಪ್ರಭಾವಳಿ! ಮುಖಪುಟದ ಯುದ್ಧದಲ್ಲಿ ಮಳೆ ಬರುವುದಿಲ್ಲ, ಬೂಟಿಗೆ ಕೆಸರು ಹತ್ತುವುದಿಲ್ಲ, ಯಾರಿಗೂ ಹಸಿವಿಲ್ಲ, ಯಾರೂ ಯಾರನ್ನೂ ಕಾಯುವುದಿಲ್ಲ. ಒಮ್ಮೆ ಅವರು ಬಾಯಿ ಮುಚ್ಚಿದ ಸೈನಿಕನೊಬ್ಬನನ್ನು ಬರೆದು ಒಯ್ದಾಗ ತಿರುನಾರಾಯಣರು ಕನ್ನಡಕ ತೆಗೆದು, "ಅಮ್ಮಾ, ಹುಡುಗ ಬಸ್ಸಿನ ಕಿಟಕಿಯಿಂದ ನೋಡ್ತಾನೆ. ಅವನ ಕಿವಿಗೆ ಗುಂಡಿನ ಸದ್ದು ಕೇಳಿಸ್ಬೇಕು. ಇವನು ಪೋಸ್ಟ್‌ಮ್ಯಾನ್ ಥರ ನಿಂತಿದಾನಲ್ಲ!" ಎಂದರು. "ಪೋಸ್ಟ್‌ಮ್ಯಾನ್ ಕೂಡ ಏರು ಹತ್ತುವಾಗ ಬಾಯಿ ಬಿಡ್ತಾನೆ ಸರ್, ಬಿಡಿಸ್ತೀನಿ ಬಿಡಿ" ಎಂದು ಇವರು ಹಲ್ಲುಗಳನ್ನು ಬರೆದುಕೊಟ್ಟರು.

ಮದ್ದೂರಿಗೆ ವರ್ಗವಾಗಿ ಬಂದ ಕೆಲವು ವರ್ಷಗಳಿಗೆ, ಈ ಲೇಖನವು ಮುಖ್ಯವಾಗಿ ಹೇಳಹೊರಟ ಸಂಗತಿ ನಡೆಯಿತು. ಹಳೆಯ ವಿದ್ಯಾರ್ಥಿ ಪ್ರೀತಂ, ಬೆಸಗರಹಳ್ಳಿಯ ದೊಡ್ಡತಾಯಮ್ಮನವರ ಒಬ್ಬನೇ ಮಗ, ಸೇನೆಗೆ ಸೇರಿ ಹಿಮದ ನೆಲೆಯೊಂದರಲ್ಲಿದ್ದವನು, ರಜೆಯಲ್ಲಿ ಊರಿಗೆ ಬಂದು ಗುರುಗಳನ್ನು ನೋಡಲು ಶಾಲೆಗೆ ಬಂದ. ಶೋಭಾರಾಣಿಯವರಿಗೆ ಮುಖವನ್ನು ಊಹೆಯಿಂದ ಬರೆಯುವ ಅಭ್ಯಾಸವಿಲ್ಲ. ಯಾರನ್ನಾದರೂ ಎದುರಿಗೆ ನಿಲ್ಲಿಸಿಕೊಂಡೇ ಬರೆಯುವವರು. ಪ್ರೀತಮನ ಕೈಗೆ ನಕ್ಷೆ ತೂಗುವ ಕೋಲನ್ನು ಕೊಟ್ಟು ಜಗಲಿಯ ಮೇಲೆ ನಿಲ್ಲಿಸಿಯೇಬಿಟ್ಟರು.

"ಎಷ್ಟೊತ್ತು ಮಿಸ್ ಹಿಂಗೆ ಬಾಯಿ ಬುಟ್ಕಂಡು ನಿಂತ್ಕಳದು? ನೊಣ ಓಯ್ತದೆ ಒಳೀಕೆ."

"ಸುಮ್ನೆ ನಿಂತ್ಕೊಳ್ಳೋ, ಹಲ್ಲು ಬರೀತಿದೀನಿ."

"ಅಲ್ಲಿ ಯಾರೂ ಹಿಂಗೆ ಕಿರುಚಲ್ಲ ಮಿಸ್. ಆ ಎತ್ತರದಲ್ಲಿ ಉಸ್ರಾಡಕ್ಕೇ ಗಾಳಿ ಸಾಲಲ್ಲ."

"ಹಂಗಾದ್ರೆ ಇಲ್ಲೇ ಕಿರುಚು. ಮದ್ದೂರಲ್ಲಿ ಗಾಳಿಗೇನು ಬರ."

ಹಾಗೆ ಬರೆದ ಮುಖವನ್ನು ಎಲ್ಲಿ ಕೂರಿಸಬೇಕೆಂದು ಯೋಚಿಸುತ್ತಿರುವಾಗ ಅವರಿಗೆ ಮಿಂಚಿನಂತೆ ಹೊಳೆದದ್ದು ವೀರಗಲ್ಲು. ನಮ್ಮ ಸೀಮೆಯ ಹೊಲದ ಬದು, ಕೆರೆಯ ಏರಿ, ಗುಡಿಯ ಹಿತ್ತಿಲುಗಳಲ್ಲಿ ಅರ್ಧ ಹೂತು ನಿಂತಿರುವ ಆ ಕಲ್ಲುಗಳನ್ನು ಕಾಣದೆ ಬೆಳೆದವರಾರು? ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿಯ ಕೈಲಾಸ. ಚಿತ್ರಕಥೆಯ ಚೌಕಗಳು ಹುಟ್ಟುವ ಎಷ್ಟೋ ಮೊದಲೇ ನಮ್ಮ ಕಲ್ಕುಟಿಗರು ಚೌಕಗಳಲ್ಲಿ ಕಥೆ ಹೇಳಿದ್ದರಲ್ಲ! ಶೋಭಾರಾಣಿಯವರು ಉಸಿರು ಬಿಗಿಹಿಡಿದು ಬರೆದರು. ಕೆಳಗೆ ಬಂಡೆಗಳ ನಡುವೆ ಗುಂಡಿನ ಕಾಳಗ. ನಡುವೆ ಪ್ರೀತಮನ ತೋಳುಗಳಿಗೆ ಹೆಗಲು ಕೊಟ್ಟು ಆಕಾಶದಲ್ಲಿ ತೇಲುವಂತೆ ಒಯ್ಯುತ್ತಿರುವ ಇಬ್ಬರು ಸಂಗಾತಿ ಸೈನಿಕರು. ಮೇಲೆ ಬೆಳ್ಳಗಿನ ಹಿಮಶಿಖರ, ಅದರ ನೆತ್ತಿಯ ಮೇಲೊಂದು ಬೆಳಕಿನ ಬಳೆ. ತಿರುನಾರಾಯಣರು ಆ ಚಿತ್ರವನ್ನು ಕಂಡು ಕುರ್ಚಿಯಿಂದ ಎದ್ದು ನಿಂತರು. ಮಾಲೆಯ ಅತ್ಯುತ್ತಮ ಮುಖಪುಟ ಇದೇ ಎಂದು ಅಂದೇ ಮುದ್ರಣಕ್ಕೆ ಕೊಟ್ಟರು.

ಇಬ್ಬರಿಗೂ ಒಂದು ಮಾತು ಹೊಳೆಯಲಿಲ್ಲ. ವೀರಗಲ್ಲಿನಲ್ಲಿ ಬದುಕಿರುವವರು ಇರುವುದಿಲ್ಲ.

ಮದ್ದೂರು ಬಸ್ ನಿಲ್ದಾಣದಲ್ಲಿ ಪುಸ್ತಕದಂಗಡಿ ಇಟ್ಟಿರುವ ಹುಚ್ಚೀರಯ್ಯನವರು ಬೆಳಿಗ್ಗೆ ಆ ಮುಖಪುಟವನ್ನು ದಾರಕ್ಕೆ ಸಿಕ್ಕಿಸಿದರು. ಬೆಸಗರಹಳ್ಳಿಯ ಬಸ್ಸಿಗೆ ಕಾಯುತ್ತಿದ್ದ ಚಿಕ್ಕಬೋರಮ್ಮ, ದೊಡ್ಡತಾಯಮ್ಮನವರ ನೆರೆಮನೆಯಾಕೆ, ಹತ್ತಿರ ಬಂದು ದಿಟ್ಟಿಸಿ ನೋಡಿದರು.

"ಅಯ್ಯೋ ನಮ್ಮವ್ವ! ಇದು ತಾಯಮ್ಮನ ಮಗ ಪ್ರೀತಂ ಅಲ್ವಾ? ಕಲ್ಲಾಗೋದ್ನಲ್ಲಪ್ಪಾ!"

"ಮಕ್ಕಳ ಪುಸ್ತಕ ಕಣಮ್ಮ ಅದು" ಎಂದರು ಹುಚ್ಚೀರಯ್ಯ.

"ಯಾರ ಪುಸ್ತಕವಾದ್ರೇನು, ನಂಗೇನ್ ಕಣ್ ಕಾಣಲ್ವಾ? ಕೆಳ್ಗೆ ಕಾದಾಟ, ನಡೂಕೆ ಎತ್ಕಂಡು ಓಯ್ತಾವ್ರೆ, ಮೇಲೆ ಕೈಲಾಸ. ಇನ್ನೇನ್ ಉಳೀತು?"

ಹುಚ್ಚೀರಯ್ಯ ಮರುಮಾತಾಡುವಷ್ಟರಲ್ಲಿ ಬಸ್ಸು ಬಂತು, ಚಿಕ್ಕಬೋರಮ್ಮ ಹತ್ತಿಯೇಬಿಟ್ಟರು. ಬಸ್ಸು ಬೆಸಗರಹಳ್ಳಿ ಮುಟ್ಟುವ ಹೊತ್ತಿಗೆ ಅದರೊಳಗಿದ್ದವರಿಗೆಲ್ಲ ಪ್ರೀತಂ ತೀರಿಹೋಗಿದ್ದ. ರಜೆ ಮುಗಿಸಿ ಹಿಮದ ನೆಲೆಗೆ ಮರಳಿದ್ದ ಪ್ರೀತಮನ ಫೋನು ಸಿಗುತ್ತಿರಲಿಲ್ಲ. ಬೀದಿಯವರೆಲ್ಲ ದೊಡ್ಡತಾಯಮ್ಮನವರ ಮನೆಯ ಮುಂದೆ ಸೇರಿದರು. ಯಾರೋ ಹಾರವನ್ನೂ ತಂದರು. ದೊಡ್ಡತಾಯಮ್ಮ ಹೊಸಿಲ ಮೇಲೆ ಅಡ್ಡಲಾಗಿ ಕುಳಿತು, "ನನ್ ಮಗ ಪೋನ್ ಮಾಡಗಂಟ ಒಬ್ರೂ ಒಳೀಕೆ ಕಾಲಿಡಬ್ಯಾಡಿ. ಅಳೋರು ನಿಮ್ಮನೇಲಿ ಅತ್ಕಳಿ ಓಗಿ" ಎಂದರು. ಅವರು ಅಳಲಿಲ್ಲ, ನೀರೂ ಕುಡಿಯಲಿಲ್ಲ. ಹೊತ್ತು ಇಳಿಯುವಾಗ ಫೋನು ಹೊಡೆದುಕೊಂಡಿತು. ಅತ್ತಲಿಂದ ಪ್ರೀತಮನದೇ ದನಿ; ಸುದ್ದಿ ಕೇಳಿ ಅವನು ನಕ್ಕನಂತೆ. "ನಾನು ಸತ್ತಿದ್ದಕ್ಕೆ ಇಲ್ಲಿ ಎಲ್ರಿಗೂ ಟೀ ಕೊಡುಸ್ತೀನಿ ಬುಡವ್ವ" ಎಂದನಂತೆ. ಅವನ ಮಾತು ಮುಗಿದ ಮೇಲೆ ದೊಡ್ಡತಾಯಮ್ಮ ಅತ್ತರು ಎನ್ನುತ್ತಾರೆ ಚಿಕ್ಕಬೋರಮ್ಮ.

ಮರುದಿನ ದೊಡ್ಡತಾಯಮ್ಮ ಶಾಲೆಗೆ ಬಂದರು. ಕುಡುಗೋಲು ಹಿಡಿದು ಬಂದರೆಂದು ಮಳವಳ್ಳಿಯ ಕಡೆ ಹೇಳುವುದುಂಟು; ಕೇಳುವವರಿಗೆ ರೋಮಾಂಚನವಾಗಲೆಂದು ಸೇರಿದ ಮಾತು ಅದು. ದಾರಿ ತೋರಿಸಲು ಜೊತೆಗೆ ಬಂದಿದ್ದ ಹುಚ್ಚೀರಯ್ಯನವರು ಖಚಿತವಾಗಿ ಹೇಳುವಂತೆ, ಅವರ ಕೈಯಲ್ಲಿದ್ದದ್ದು ಅಂಗಡಿಯ ದಾರದಿಂದ ಬಿಚ್ಚಿಕೊಂಡು ಬಂದ ಮುಖಪುಟವೊಂದೇ. ಅದನ್ನು ಮಡಿಸದೆ, ಸುರುಳಿ ಸುತ್ತದೆ, ಆರತಿಯ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದಿದ್ದರು.

"ಮೇಡಮ್ಮೋರೆ, ನಿಮ್ಮೂರಲ್ಲಿ ಬದುಕಿರೋರ್ನ ಕಲ್ಲಿಗೆ ಆಕ್ತಾರಾ?"

ಶೋಭಾರಾಣಿಯವರಿಗೆ ನಡೆದದ್ದೆಲ್ಲ ಆ ಒಂದು ಮಾತಿನಲ್ಲಿ ತಿಳಿದುಹೋಯಿತು. ನಿಡಘಟ್ಟದ ಮಗಳು ಅವರು, ಕಲ್ಲಾಗುವುದೆಂದರೇನೆಂದು ಬಲ್ಲವರು. "ಇಲ್ಲ ಕಣವ್ವ" ಎಂದರು.

"ಹಂಗಾರೆ ನನ್ ಮಗ್ನ ಯಾಕ್ ಆಕ್ದೆ?"

"ಚಂದ ಕಾಣ್ತದೆ ಅಂತ ಹಾಕ್ದೆ."

"ಚಂದಾನೇ ಕಾಣ್ತಾವ್ನೆ. ಅದ್ಕೇ ಭಯ ನಂಗೆ."

ಎಲ್ಲ ಪ್ರತಿಗಳನ್ನೂ ವಾಪಸು ತರಿಸಿ ಸುಡಿಸುತ್ತೇನೆ ಎಂದರು ಶೋಭಾರಾಣಿಯವರು. "ನನ್ ಮಗ್ನ ಮುಖ ಇರೋದ್ನ ಬೆಂಕಿಗೆ ಆಕ್ತೀಯಾ?" ಎಂದರು ದೊಡ್ಡತಾಯಮ್ಮ. ಬೇಡ, ಹರಿದುಹಾಕುತ್ತೇನೆ ಎಂದರೆ, "ಅರೀತೀಯಾ?" ಎಂದರು. ಕಡೆಗೆ, ಮುಖದ ಮೇಲೆ ಬೇರೆ ಕಾಗದ ಅಂಟಿಸಿ ಮುಚ್ಚುತ್ತೇನೆ ಎಂದಾಗ ದೊಡ್ಡತಾಯಮ್ಮನವರ ದನಿ ತಗ್ಗಿತು.

"ಮುಖ ಮುಚ್ಚೋದು ಯಾರಿಗವ್ವಾ?"

ಹುಚ್ಚೀರಯ್ಯ ಬೇರೆ ಕಡೆ ನೋಡಿದರು.

"ಸುಡಬ್ಯಾಡ, ಅರೀಬ್ಯಾಡ, ಮುಚ್ಚಬ್ಯಾಡ. ಏರಿಸಿದ ಕೈಯಲ್ಲೇ ಇಳ್ಸು. ಅವ್ನು ಮನೇಗ್ ಬರ್ಬೇಕು" ಎಂದು ಹೇಳಿ, ತಂದಿದ್ದ ಮುಖಪುಟವನ್ನು ಮೇಜಿನ ಮೇಲಿಟ್ಟು, ಅವರು ಬಾಗಿಲ ಪಕ್ಕದಲ್ಲಿ ಕುಳಿತುಬಿಟ್ಟರು.

ಮುದ್ರಣಾಲಯದಲ್ಲಿ ಅಂಥ ಸಾವಿರಾರು ಮುಖಪುಟಗಳು ಕಟ್ಟು ಕಟ್ಟಾಗಿ ಕುಳಿತಿದ್ದವು. ಅವುಗಳನ್ನು ನಾಶಮಾಡುವಂತಿಲ್ಲ, ಹಾಗೆಯೇ ಹೊರಗೆ ಬಿಡುವಂತಿಲ್ಲ. ಶೋಭಾರಾಣಿಯವರು ಅಂದು ಪಾಠ ಮಾಡಿದರೋ ಇಲ್ಲವೋ ಅವರಿಗೇ ನೆನಪಿಲ್ಲ. ಆ ಚಿತ್ರವನ್ನೇ ನೋಡುತ್ತ ಕುಳಿತಿದ್ದವರು, ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ, ಚಿತ್ರದ ಮೇಲ್ಭಾಗವನ್ನು ಅಂಗೈಯಿಂದ ಮುಚ್ಚಿ ನೋಡಿದರು. ತೆಗೆದು ನೋಡಿದರು. ಮತ್ತೆ ಮುಚ್ಚಿದರು. ಆಗ ಅವರು ಹಾಕಿದ ಕೂಗನ್ನು ಕೇಳಿ ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಹಾವು ಬಂತೇನೋ ಎಂದು ಓಡಿಬಂದರಂತೆ.

ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುವುದಷ್ಟೆ? ಕಾಳಗವನ್ನು ಅಳಿಸಬೇಕಾಗಿಲ್ಲ, ಕಾಳಗ ಇದ್ದೇ ಇದೆ. ಪ್ರೀತಮನನ್ನೂ ಮುಟ್ಟಬೇಕಾಗಿಲ್ಲ. ಅವನನ್ನು ಒಯ್ಯುತ್ತಿರುವವರು ಎಲ್ಲಿಗೆ ಒಯ್ಯುತ್ತಿದ್ದಾರೆಂಬುದನ್ನು ಬದಲಿಸಿದರೆ ಸಾಕು! ಆಕಾಶದಲ್ಲಿ ತೇಲುವ ಮೂವರ ಕಾಲಡಿಯಲ್ಲಿ ಕಂದು ಬಣ್ಣದ ಒಂದು ಗೆರೆ ಎಳೆದರು. ಅದು ರಸ್ತೆಯಾಯಿತು, ತೇಲುತ್ತಿದ್ದವರು ನಡೆಯತೊಡಗಿದರು. ಪಕ್ಕದವನ ಬರಿಗೈಗೆ ಟ್ರಂಕೊಂದನ್ನು ಕೊಟ್ಟರು. ಹಿಮಶಿಖರದ ಎರಡು ಇಳಿಜಾರುಗಳಿಗೆ ಕೆಮ್ಮಣ್ಣಿನ ಬಣ್ಣ ಬಳಿದರು. ಕೈಲಾಸ ಹೆಂಚಿನ ಮಾಡಾಯಿತು. ನೆತ್ತಿಯ ಬೆಳಕಿನ ಬಳೆ ಒಲೆಯ ಹೊಗೆಯಾಗಿ ಸುರುಳಿ ಬಿಚ್ಚಿಕೊಂಡಿತು.

ಬಾಗಿಲ ಪಕ್ಕದಲ್ಲಿ ಕುಳಿತೇ ಇದ್ದ ದೊಡ್ಡತಾಯಮ್ಮನವರಿಗೆ, ಮಗನನ್ನು ಇಳಿಸಿಯೇ ಹೊರಗೆ ಬಿಡುತ್ತೇನೆಂದು ಮಾತು ಕೊಟ್ಟು, ಅಂದೇ ಅದನ್ನು ಹಿಡಿದು ಮಂಡ್ಯಕ್ಕೆ ಓಡಿದರು. ತಿರುನಾರಾಯಣರು ನೋಡಿ ತಲೆಗೆ ಕೈ ಹೊತ್ತರು.

"ಯುದ್ಧದ ಪುಸ್ತಕದ ನೆತ್ತಿ ಮೇಲೆ ಅಡುಗೆಮನೆಯೇನಮ್ಮಾ? ಏಜೆಂಟರೆಲ್ಲ ಆ ಶಿಖರ ನೋಡಿ ಕುಣಿದಿದಾರೆ. ಬೇರೆ ಮುಖಪುಟ ಅಚ್ಚು ಹಾಕ್ಸೋಣ, ಇದನ್ನ ರದ್ದಿಗೆ ಹಾಕಿ."

"ರದ್ದಿಗೆ ಹಾಕೋ ಹಾಗಿಲ್ಲ ಸರ್. ಆ ತಾಯಿಗೆ ಮಾತು ಕೊಟ್ಟಿದೀನಿ. ಇದೇ ಹೋಗ್ಬೇಕು. ಬೇಡ ಅಂದ್ರೆ ಮುಂದಿನ ಸಂಚಿಕೆಗೆ ಬೇರೆಯವರನ್ನ ನೋಡ್ಕೊಳ್ಳಿ."

"ನನ್ನನ್ನೇ ಹೆದರಿಸ್ತೀಯೇನಮ್ಮಾ?"

"ಮುಖಪುಟ ಹೇಳಿದ ಹಾಗೆ ಬರೆಯೋ ಗುಮಾಸ್ತ ನಾನು ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದಿದೀರಿ. ಅವನು ಮನೆಗೆ ಬರ್ತಾನೆ ಅಂತ ಹೇಳ್ತಿದೆ. ಬರೀರಿ."

ತಿರುನಾರಾಯಣರು ಬಹಳ ಹೊತ್ತು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡಿದರು. ಆಮೇಲೆ ತಲೆಯೆತ್ತದೆಯೇ ಕೇಳಿದರು: "ಬಸ್ಸಿಳಿದು ಬರ್ತಾನೋ, ರೈಲಿಳಿದೋ?"

ಅಂಗಡಿಗಳಿಂದ ವಾಪಸು ತರಿಸಿದ ಪ್ರತಿಗಳೂ ಸೇರಿ ಕಟ್ಟುಗಳು ಮದ್ದೂರಿಗೆ ಬಂದವು. ಪುಣ್ಯಕ್ಕೆ ಅವುಗಳಿಗಿನ್ನೂ ಹೊಳಪಿನ ಪದರ ಅಂಟಿಸಿರಲಿಲ್ಲ. ಅಂಟಿಸಿದ್ದರೆ ಯಾವ ಬಣ್ಣವೂ ನಿಲ್ಲುತ್ತಿರಲಿಲ್ಲ. ಶೋಭಾರಾಣಿಯವರು ಹಳೆಯ ಎಕ್ಸ್‌ರೇ ಹಾಳೆಗಳನ್ನು ಕೊರೆದು ರಸ್ತೆಗೊಂದು, ಟ್ರಂಕಿಗೊಂದು, ಮನೆಗೊಂದು ಅಚ್ಚು ತಯಾರಿಸಿದರು. ಯಾರದೋ ಪಕ್ಕೆಲುಬಿನ ಮೂಲಕ ಬೆಸಗರಹಳ್ಳಿಯ ಮನೆಯೊಂದು ಮೂಡುವ ಸೋಜಿಗವನ್ನು ನೋಡಲು ಊರಿಗೆ ಊರೇ ಬಂತು. ಶನಿವಾರದ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಆರಂಭವಾದ ಆ ಉತ್ಸವವನ್ನು ಕಂಡವರು ಇಂದಿಗೂ ಕೈ ಕುಣಿಸಿಕೊಂಡೇ ವರ್ಣಿಸುತ್ತಾರೆ. ಹಳೆಯ ವಿದ್ಯಾರ್ಥಿಗಳು, ಬೆಸಗರಹಳ್ಳಿಯ ಹೆಂಗಸರು, ಬಣ್ಣವೆಂದರೆ ಹೋಳಿಯಷ್ಟೇ ಬಲ್ಲ ಹುಚ್ಚೀರಯ್ಯ, ಮಳವಳ್ಳಿಯಿಂದ ಓಡಿಬಂದ ವಂಶಿ, ಎಲ್ಲರೂ ಸಾಲಾಗಿ ಕುಳಿತರು. ಚಿಕ್ಕಬೋರಮ್ಮನವರಿಗೆ ಟ್ರಂಕಿನ ಅಚ್ಚು ಸಿಕ್ಕಿತು.

"ನೀನೇ ಸಾಯ್ಸಿದ್ದು, ನೀನೇ ಸಾಮಾನು ಒತ್ಕೊಡು" ಎಂದು ಹುಚ್ಚೀರಯ್ಯ ಛೇಡಿಸಿದರೆ, "ನೇತಾಕ್ದೋನು ನೀನಲ್ವಾ? ನಿನ್ ಗೆರೆ ನೋಡ್ಕಳಯ್ಯ, ರಸ್ತೆ ಬರಿ ಅಂದ್ರೆ ಕಾಲುವೆ ತೋಡ್ತಾವ್ನೆ" ಎಂದು ಚಿಕ್ಕಬೋರಮ್ಮ ತಿರುಗಿಸಿ ಕೊಟ್ಟರು.

ಮೊದಲ ಪ್ರತಿ ಒಣಗಿತು. ಶೋಭಾರಾಣಿಯವರು ಅದನ್ನು ದೊಡ್ಡತಾಯಮ್ಮನವರ ಕೈಗಿತ್ತರು. ಎಲ್ಲರ ಕುಂಚಗಳೂ ನಿಂತವು. ದೊಡ್ಡತಾಯಮ್ಮ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದರು: ಕಾಳಗದ ಮೇಲೆ ಬೇಗ, ಮಗನ ಮುಖದ ಮೇಲೆ ನಿಧಾನವಾಗಿ, ರಸ್ತೆಯುದ್ದಕ್ಕೂ, ಟ್ರಂಕಿನ ಮೇಲೆ, ಅಲ್ಲಿಂದ ಮನೆಗೆ. ಬೆರಳು ಅಲ್ಲೇ ನಿಂತಿತು.

"ಬಾಗ್ಲು ಯಾಕಕ್ಕ ಮುಚ್ಚೈತೆ?"

ನಿಜ. ಅಚ್ಚಿನಲ್ಲಿ ಬಾಗಿಲೊಂದು ಚೌಕವಷ್ಟೇ ಆಗಿತ್ತು. ಬಣ್ಣ ತುಂಬಿ ಮುಚ್ಚಿದಂತೆ ಕಾಣುತ್ತಿತ್ತು.

"ಮಗ ಬರೋವಾಗ ಬಾಗ್ಲು ಮುಚ್ಕಂಡಿರ್ತೀನಾ ನಾನು? ತೆಗಿ."

ಶೋಭಾರಾಣಿಯವರು ಬ್ಲೇಡು ಹಿಡಿದು ಮನೆಯ ಅಚ್ಚನ್ನು ಹೊಸದಾಗಿ ಕೊರೆದರು. ಬಾಗಿಲು ತೆರೆಯಿತು. ಮುಂದಿನ ಪ್ರತಿಯಲ್ಲಿ ಒಳಗಿನ ನಸುಗತ್ತಲೂ ಒಲೆಯ ಕೆಂಪೂ ಕಂಡವು. ಅಷ್ಟಕ್ಕೆ ಸುಮ್ಮನಾಗದೆ, ಉತ್ಸಾಹ ಉಕ್ಕಿ, ಬಾಗಿಲಲ್ಲಿ ತಾಯಿಯನ್ನೂ ನಿಲ್ಲಿಸಲೆಂದು ಅವರು ಕುಂಚವನ್ನು ಅದ್ದಿದಾಗ ದೊಡ್ಡತಾಯಮ್ಮ ಕೈ ಹಿಡಿದರು.

"ನನ್ನ ಬರೀಬ್ಯಾಡ. ನಾನು ಒಳಗವ್ನಿ. ಅವ್ನು ಬಂದಾಗ ಆಚೀಕ್ ಬತ್ತೀನಿ."

ಯೋಧನ ಅಬ್ಬರ, ಬೆಂಕಿಯ ಪ್ರಭಾವಳಿ, ಬಾವುಟದ ಹಾರಾಟಗಳಿಗಷ್ಟೇ ತಾವಿದ್ದ ಚಿತ್ರಕಥೆಯ ಮುಖಪುಟದಲ್ಲಿ ಹೀಗೆ ಮೊದಲ ಬಾರಿಗೆ, ತೆರೆದ ಬಾಗಿಲಿನಾಚೆ ಕಣ್ಣಿಗೆ ಕಾಣದಂತೆ, ಕಾಯುವವರೊಬ್ಬರು ಬಂದು ನಿಂತರು.

ಪುಸ್ತಕ ಹೊರಬಂದಾಗ ಕೆಲವು ಏಜೆಂಟರು ಗೊಣಗಿದರು. ಒಂದಿಬ್ಬರು ಕಟ್ಟುಗಳನ್ನು ಹಿಂದಿರುಗಿಸಿದ್ದೂ ಉಂಟು. ಮಕ್ಕಳು ಮಾತ್ರ ಬಿಡಲಿಲ್ಲ. ಕೈಯಿಂದ ಬಣ್ಣ ಹಾಕಿದ್ದರಿಂದ ಒಂದು ಪ್ರತಿಯಂತೆ ಇನ್ನೊಂದಿರಲಿಲ್ಲ: ಒಂದರಲ್ಲಿ ಹೊಗೆ ಎಡಕ್ಕೆ ಹಾರಿದ್ದರೆ ಇನ್ನೊಂದರಲ್ಲಿ ಟ್ರಂಕು ಕುಂಬಳಕಾಯಿಯಂತೆ ಊದಿಕೊಂಡಿತ್ತು, ಹುಚ್ಚೀರಯ್ಯನವರ ರಸ್ತೆಯಂತೂ ಸೊಟ್ಟ ಸೊಟ್ಟ. ಯಾರ ಪುಸ್ತಕದಲ್ಲಿ ಬಾಗಿಲು ದೊಡ್ಡದೆಂದು ಹುಡುಗರು ಪಂದ್ಯ ಕಟ್ಟಿ ಅದಲುಬದಲು ಮಾಡಿಕೊಂಡರು. ಬಾಗಿಲು ಮುಚ್ಚಿದ್ದ ಆ ಮೊದಲ ಪ್ರತಿಯನ್ನು ಶೋಭಾರಾಣಿಯವರು ಯಾರಿಗೂ ಕೊಡಲಿಲ್ಲ. ಅಲ್ಲಿಯೇ ಬಣ್ಣ ತೆಗೆದುಕೊಂಡು ಅದರ ಬಾಗಿಲನ್ನೂ ತೆರೆದರು.

ಅಲ್ಲಿಂದ ಮುಂದೆ ಅವರ ಯುದ್ಧಚಿತ್ರಗಳ ರೀತಿಯೇ ಬೇರೆಯಾಯಿತು. ಆಲೂಗೆಡ್ಡೆ ಸುಲಿಯುತ್ತ ಬೆಟ್ಟದ ಕಡೆ ಕಣ್ಣಿಟ್ಟ ಯೋಧ, ಒದ್ದೆ ಕಾಲುಚೀಲವನ್ನು ಬಂದೂಕಿನ ತುದಿಗೆ ಒಣಹಾಕಿದ ಯೋಧ, ಸಂಗಾತಿಯ ಕಾಲಿನ ಬೊಕ್ಕೆಗೆ ಎಣ್ಣೆ ಹಚ್ಚುವ ಯೋಧ, ಹೀಗೆ ಒಬ್ಬೊಬ್ಬರಾಗಿ ಮಂಡ್ಯದ ದಾರಗಳ ಮೇಲೆ ಕಾಣಿಸಿಕೊಂಡರು. ನೆರಳಷ್ಟೇ ಆಗಿದ್ದ ಶತ್ರುವಿಗೂ ಒಂದು ಮುಖಪುಟದಲ್ಲಿ ಮೂಗು ಬಾಯಿ ಬಂದವು. ಅವನೂ ಚಳಿಯಲ್ಲಿ ಕೈಗೆ ಉಸಿರೂದಿಕೊಳ್ಳುತ್ತಿದ್ದ. ಮಂಡ್ಯದ ನಿವೃತ್ತ ಸೈನಿಕರು ಮನೆಗೇ ಬಂದು, "ಮ್ಯಾಡಮ್, ಈ ಬೆಲ್ಟು ಹಿಂಗೆ ಬರಲ್ಲ" ಎಂದು ತಿದ್ದಿಸಿ, ಹಾಗೆಯೇ ಗುತ್ತಲಿನ ಅವರ ವರಾಂಡದಲ್ಲಿ ಕುಳಿತು, ಮನೆಯವರಿಗೂ ಹೇಳದಿದ್ದ ಮಾತುಗಳನ್ನು ಹೇಳಿಕೊಳ್ಳುವುದು ರೂಢಿಯಾಯಿತು. ತಿರುನಾರಾಯಣರ ಕಥೆಗಳೂ ಈ ಮುಖಪುಟಗಳ ಬೆನ್ನುಹತ್ತಿ ಬದಲಾದವು. ಅವರ ನಾಯಕರು ಈಗ ಊಟ ಮಾಡುತ್ತಾರೆ, ಹೆದರುತ್ತಾರೆ, ಒಮ್ಮೊಮ್ಮೆ ಸುಮ್ಮನೆ ಕೂರುತ್ತಾರೆ.

ಪ್ರೀತಂ ಆ ವರ್ಷದ ಕೊಯ್ಲಿನ ಹೊತ್ತಿಗೆ ರಜೆಯ ಮೇಲೆ ಬಂದ. ಸುದ್ದಿ ತಿಳಿದು ಶೋಭಾರಾಣಿಯವರು ಚಿತ್ರಪುಸ್ತಕವನ್ನೂ ಪೆನ್ಸಿಲನ್ನೂ ಹಿಡಿದು ಬೆಸಗರಹಳ್ಳಿಯ ಬೀದಿಯಲ್ಲಿ ಮೊದಲೇ ಹೋಗಿ ನಿಂತಿದ್ದರು. ಬಸ್ಸಿಳಿದವನು ಟ್ರಂಕು ಹೊತ್ತು ನಡೆದುಬಂದ. ಬಾಗಿಲು ತೆರೆದಿತ್ತು. ದೊಡ್ಡತಾಯಮ್ಮ ಹಿಟ್ಟಿನ ಕೈಯಲ್ಲೇ ಆಚೆಗೆ ಬಂದರು. ಶೋಭಾರಾಣಿಯವರು ಪೆನ್ಸಿಲನ್ನು ಕಾಗದಕ್ಕೆ ತಾಗಿಸಿದ್ದರಷ್ಟೆ, ಮಗನ ಹೆಗಲ ಮೇಲಿಂದ ದೊಡ್ಡತಾಯಮ್ಮ ಅವರನ್ನು ಕಂಡರು.

"ಇದು ರಜ ಕಣಕ್ಕ. ರಜಕ್ಕೆಲ್ಲ ಬರೀಬ್ಯಾಡ. ಪೂರಾ ಬರ್ಲಿ, ಆಗ ಬರಿ. ಈಗ ಉಣ್ಣೋಕ್ ಬಾ."

ಶೋಭಾರಾಣಿಯವರು ಪುಸ್ತಕ ಮುಚ್ಚಿ ಒಳಗೆ ಹೋದರು.

ಪ್ರೀತಂ ಇನ್ನೂ ಸೇವೆಯಲ್ಲಿದ್ದಾನೆ. ಅವನ ಸೇವೆ ಮುಗಿಯಲು ಇನ್ನೂ ಬಹಳ ವರ್ಷಗಳಿವೆ. ಶಾಲೆಯಿಂದ ನಿವೃತ್ತರಾಗುತ್ತಿರುವ ಗುರುಗಳ ಪಾಲಿಗೆ ಬಾಕಿಯಿರುವ ದೊಡ್ಡ ಕೆಲಸ ಅದು. ಬೆಸಗರಹಳ್ಳಿಯ ಆ ಮಗ ಕಟ್ಟಕಡೆಯ ಬಾರಿ ಬಸ್ಸಿನಿಂದ ಟ್ರಂಕು ಇಳಿಸುವ ದಿನದವರೆಗೂ, ಅದರಾಚೆಗೂ, ಶೋಭಾರಾಣಿಯವರ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ, ಕುಂಚ ಒಣಗದಿರಲಿ. ಬೀದಿಯಲ್ಲಿ ಅವರು ಮತ್ತೆ ಹೋಗಿ ನಿಲ್ಲಲಿ. ಆಗ ಬಾಗಿಲಿಗೆ ಬರುವ ತಾಯಿ, "ಹ್ಞೂಂ, ಈಗ ಬರಿಯಕ್ಕ" ಎನ್ನಲಿ.